ಬೇಕಂತಲೇ ಸೋಲೋದಾ, ಆಡಿ ಗೆಲ್ಲೋದಾ? ಮುಳುಗಿದ ಎನ್‌ಎಫ್‌ಎಲ್ ತಂಡಕ್ಕಿರುವ ನಾಲ್ಕು ದಾರಿ

ಅಮೆರಿಕನ್ ಫುಟ್‌ಬಾಲಿನ ಲೀಗ್ ಎನ್‌ಎಫ್‌ಎಲ್‌ನಲ್ಲಿ ನಿಮ್ಮ ತಂಡ 13 ಪಂದ್ಯ ಆಡಿದೆ, 2 ಗೆದ್ದಿದೆ. ಪ್ಲೇಆಫ್ ಆಸೆ ಯಾವಾಗಲೋ ಮುಗಿದಿದೆ. ಇನ್ನೂ ನಾಲ್ಕು ಪಂದ್ಯ ಬಾಕಿ. ಈಗ ಭಾನುವಾರ ಟಿವಿ ಮುಂದೆ ಕೂತು ದೇವರ ಹತ್ತಿರ ಏನು ಕೇಳಿಕೊಳ್ಳಬೇಕು? ಗೆಲ್ಲಲಿ ಅಂತಲಾ, ಸೋಲಲಿ ಅಂತಲಾ?

ಅಮೆರಿಕದಲ್ಲಿ ಇದು ತಮಾಷೆಯ ಪ್ರಶ್ನೆಯಲ್ಲ. ಪ್ರತಿ ಡಿಸೆಂಬರಿನಲ್ಲೂ ಐದಾರು ಊರುಗಳ ಜನ ತಮ್ಮದೇ ತಂಡ ಸೋಲಲಿ ಅಂತ ಹರಕೆ ಹೊರುತ್ತಾರೆ. ನಾನು ನ್ಯೂಜೆರ್ಸಿಯಲ್ಲಿದ್ದಾಗ ಪಕ್ಕದ ಮನೆಯವನು ನ್ಯೂಯಾರ್ಕ್ ಜೆಟ್ಸ್ ಅಭಿಮಾನಿ. 2020ರ ಡಿಸೆಂಬರಿನಲ್ಲಿ ಅವನ ತಂಡ 13 ಪಂದ್ಯ ಸತತವಾಗಿ ಸೋತು, ಹದಿನಾಲ್ಕನೆಯದನ್ನು ಗೆದ್ದಿತು. ಅವತ್ತು ಸಂಜೆ ಅವನ ಮುಖ ನೋಡಿ ಮನೆಯಲ್ಲಿ ಯಾರಿಗಾದರೂ ಏನಾದರೂ ಆಯಿತಾ ಅಂತ ನಾನು ನಿಜವಾಗಲೂ ಕೇಳಿಬಿಟ್ಟಿದ್ದೆ.

ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಆಡುವುದು, ಮೆಸ್ಸಿ ಆಡುವುದಲ್ಲ. ಯುರೋಪಿನ ಫುಟ್‌ಬಾಲಿನಲ್ಲಿ ಕೊನೆಗೆ ಬಂದರೆ ಕೆಳಗಿನ ಲೀಗಿಗೆ ದಬ್ಬುತ್ತಾರೆ, ಹಾಗಾಗಿ ಬೇಕಂತ ಸೋಲುವ ಮಾತೇ ಇಲ್ಲ. ಐಪಿಎಲ್‌ನಲ್ಲೂ ಇಲ್ಲ, ಹರಾಜಿನಲ್ಲಿ ಕೊನೆಯವರಿಗೆ ಮೊದಲ ಕೈ ಅಂತ ಏನೂ ಕೊಡುವುದಿಲ್ಲ. 2017ರಲ್ಲೂ 2019ರಲ್ಲೂ ಆರ್‌ಸಿಬಿ ಕೊನೆಗೆ ಬಂತು, ಸಿಕ್ಕಿದ್ದು ಮೀಮ್ಸ್ ಮಾತ್ರ. ಎನ್‌ಎಫ್‌ಎಲ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ 32 ತಂಡಗಳಿವೆ, ಕಾಲೇಜಿನಿಂದ ಬರುವ ಹುಡುಗರನ್ನು ವರ್ಷಕ್ಕೊಮ್ಮೆ ಏಳು ಸುತ್ತುಗಳಲ್ಲಿ ಹಂಚಿಕೊಳ್ಳುತ್ತಾರೆ, ಯಾರು ಅತಿ ಕೆಟ್ಟದಾಗಿ ಆಡಿದ್ದಾರೋ ಅವರಿಗೆ ಮೊದಲ ಆಯ್ಕೆ. ಈ ಹಂಚಿಕೆಗೆ ಡ್ರಾಫ್ಟ್ ಅಂತಾರೆ, ಅದರ ಒಂದೊಂದು ಆಯ್ಕೆಗೆ ಪಿಕ್. ಇಬ್ಬರ ದಾಖಲೆ ಸಮವಾದರೆ ಯಾರ ಎದುರಾಳಿಗಳು ಸುಲಭದವರಾಗಿದ್ದರೋ ಅವರು ಮುಂದೆ. 1936ರಲ್ಲಿ ಇದು ಶುರುವಾಗಿದ್ದು, ಐಡಿಯಾ ಕೊಟ್ಟಿದ್ದು ಆಗಿನ ಫಿಲಡೆಲ್ಫಿಯಾ ಈಗಲ್ಸ್ ಮಾಲೀಕ ಬರ್ಟ್ ಬೆಲ್. ಮೊದಲ ವರ್ಷ ಮೊದಲ ಆಯ್ಕೆಯಾದ ಜೇ ಬರ್ವಾಂಗರ್ ಎನ್‌ಎಫ್‌ಎಲ್‌ನಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ, ಬೇರೆ ಕೆಲಸ ನೋಡಿಕೊಂಡ. ಅಲ್ಲಿಗೆ ಶಕುನ ಸರಿಯಾಗಿಯೇ ಆಗಿತ್ತು ಅನ್ನಿ.

ಬ್ಯಾಸ್ಕೆಟ್‌ಬಾಲಿನ ಎನ್‌ಬಿಎ 1985ರಲ್ಲೇ ಲಾಟರಿ ತಂದಿತು. 2019ರಿಂದ ಅಲ್ಲಿ ಕೊನೆಯ ಮೂರು ತಂಡಗಳಿಗೂ ಮೊದಲ ಪಿಕ್ ಸಿಗುವ ಸಾಧ್ಯತೆ ಒಂದೇ ಸಮ ಆಯಿತು, ತಲಾ ಶೇ. 14. ಎನ್‌ಎಫ್‌ಎಲ್‌ನಲ್ಲಿ ಲಾಟರಿ ಇಲ್ಲ. ಕೊನೆಯವರಾದರೆ ಮೊದಲ ಪಿಕ್ ಗ್ಯಾರಂಟಿ. ಅದಕ್ಕೇ ಆಸೆ ಜಾಸ್ತಿ.

ದಾರಿಗಳನ್ನು ಹೋಲಿಸುವ ಮುಂಚೆ ಒಂದು ಮಾತು ತಲೆಯಲ್ಲಿರಲಿ. "ತಂಡ ಬೇಕಂತಲೇ ಸೋಲುತ್ತಿದೆ" ಅನ್ನುತ್ತೇವಲ್ಲ, ತಂಡ ಅಂದರೆ ಯಾರು? ಮೈದಾನದಲ್ಲಿರುವವರು ಯಾರೂ ಸೋಲಲು ಆಡುವುದಿಲ್ಲ. ಹೆಚ್ಚಿನ ಆಟಗಾರರ ಒಪ್ಪಂದದ ದುಡ್ಡು ಪೂರ್ತಿ ಗ್ಯಾರಂಟಿ ಇರುವುದಿಲ್ಲ, ಇವತ್ತು ಕೈಬಿಟ್ಟ ಒಂದು ಟ್ಯಾಕಲ್ ನಾಳೆ ಉಳಿದ 31 ತಂಡಗಳೂ ನೋಡುವ ವಿಡಿಯೋ ಆಗುತ್ತದೆ, ಮತ್ತೆ ಬರುವ ಆ ಚಿನ್ನದಂಥ ಹುಡುಗ ಇವನ ಜಾಗಕ್ಕೇ ಬರಬಹುದು. ತನ್ನ ಕೆಲಸ ಕಿತ್ತುಕೊಳ್ಳುವವನಿಗಾಗಿ ಮೈಮುರಿಸಿಕೊಂಡು ಸೋಲುವ ಹುಚ್ಚ ಯಾರಿದ್ದಾನೆ? ಕೋಚ್‌ಗಂತೂ ಇನ್ನೂ ಕಷ್ಟ, 2 ಗೆದ್ದು 15 ಸೋತ ಕೋಚ್‌ನ್ನು ಏಪ್ರಿಲಿನ ಡ್ರಾಫ್ಟ್ ತನಕ ಇಟ್ಟುಕೊಳ್ಳುವವರು ಕಡಿಮೆ. ಹಾಗಾಗಿ ಸೋಲಿನ ಲಾಭ ಬೇಕಿರುವುದು ಮೇಲಿನ ಮಹಡಿಯವರಿಗೆ, ಅಂದರೆ ಮಾಲೀಕ ಮತ್ತು ಜನರಲ್ ಮ್ಯಾನೇಜರ್. ಅವರು ಸೋಲನ್ನು ಆಡಿಸುವುದಿಲ್ಲ. ಗೆಲ್ಲುವ ಸಾಮಾನನ್ನು ಮನೆಯಿಂದ ಹೊರಗೆ ಹಾಕುತ್ತಾರೆ, ಅಷ್ಟೇ.

ಮೊದಲನೇ ದಾರಿ: ಕೊನೆ ವಾರದ ಕಳ್ಳಾಟ

ಇದು ಎಲ್ಲಕ್ಕಿಂತ ಅಗ್ಗ. ಸೀಸನ್ ಪೂರ್ತಿ ಹೇಗೋ ಆಡಿ, ಕೊನೆಯ ಒಂದೆರಡು ಪಂದ್ಯದಲ್ಲಿ ಒಳ್ಳೆಯವರನ್ನು ಬೆಂಚಿನಲ್ಲಿ ಕೂರಿಸುವುದು. "ಹೊಸ ಹುಡುಗರನ್ನು ನೋಡಬೇಕಿತ್ತು" ಅಂದರೆ ಮುಗಿಯಿತು, ಯಾರೂ ಏನೂ ಸಾಬೀತು ಮಾಡಲಾರರು.

2014ರ ಟ್ಯಾಂಪಾ ಬೇ ಬಕನೀರ್ಸ್ ನೋಡಿ. ಕೊನೆಯ ಪಂದ್ಯ, ನ್ಯೂ ಓರ್ಲಿಯನ್ಸ್ ಸೇಂಟ್ಸ್ ಎದುರು. ಅರ್ಧ ಆಟಕ್ಕೆ 20-7 ಮುಂದಿದ್ದರು. ಎರಡನೇ ಅರ್ಧದಲ್ಲಿ ಮುಖ್ಯ ಆಟಗಾರರು ಒಬ್ಬೊಬ್ಬರಾಗಿ ಬೆಂಚಿಗೆ ಹೋದರು, ಪಂದ್ಯ 23-20ಕ್ಕೆ ಕೈಬಿಟ್ಟಿತು. ಸೋತೆವು ಅಷ್ಟೇ, ಬೇಕಂತ ಅಲ್ಲ ಅಂದರು. ದಾಖಲೆ 2-14 (ಗೆದ್ದಿದ್ದು 2, ಸೋತಿದ್ದು 14), ಮೊದಲ ಪಿಕ್ ಕೈಯಲ್ಲಿ. ಆರಿಸಿದ್ದು ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಜೇಮಿಸ್ ವಿನ್‌ಸ್ಟನ್‌ನ್ನು. ಐದು ವರ್ಷ ಆಡಿದ, ಕೊನೆಯ ವರ್ಷ 33 ಟಚ್‌ಡೌನ್ (ಇಲ್ಲಿನ ದೊಡ್ಡ ಗೋಲು) ಎಸೆದು 30 ಸಲ ಚೆಂಡನ್ನು ಎದುರಾಳಿ ಕೈಗೂ ಎಸೆದ, ಹೊರಟುಹೋದ. ಅವನ ಜಾಗಕ್ಕೆ ಯಾರು ಬಂದರು? 2000ದಲ್ಲಿ 199ನೇ ಆಯ್ಕೆಯಾಗಿದ್ದ, ಆಗ 43ರ ಟಾಮ್ ಬ್ರೇಡಿ. ಬಂದ ಮೊದಲ ವರ್ಷವೇ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದುಕೊಟ್ಟ. ಅದಕ್ಕೆ ಯಾರೂ ಯಾವ ಪಂದ್ಯವನ್ನೂ ಸೋಲಬೇಕಿರಲಿಲ್ಲ.

ಬಕನೀರ್ಸ್ ಅವತ್ತು ಗೆದ್ದಿದ್ದರೆ ಏನಾಗುತ್ತಿತ್ತು ಅಂತಲೂ ಯೋಚಿಸಿ. ಮೊದಲ ಪಿಕ್ ಟೆನೆಸಿಗೆ ಹೋಗುತ್ತಿತ್ತು. ಟೆನೆಸಿ ಎರಡನೆಯದಾಗಿ ಆರಿಸಿದ ಮಾರ್ಕಸ್ ಮರಿಯೋಟಾ ಕೂಡ ಐದೇ ವರ್ಷಕ್ಕೆ ಅಲ್ಲಿಂದ ಹೊರಬಿದ್ದ. ಅಂದರೆ ಆ ಅರ್ಧ ಪಂದ್ಯದ ಕಳ್ಳಾಟದಿಂದ ಎರಡೂ ಊರಿನವರಿಗೆ ಬಂದ ವ್ಯತ್ಯಾಸ ಹೆಚ್ಚುಕಮ್ಮಿ ಸೊನ್ನೆ.

ಇನ್ನೊಂದು, ಸ್ವಲ್ಪ ಹೆಚ್ಚು ಗಲಾಟೆಯದ್ದು. 2020ರ ಸೀಸನ್ನಿನ ಕೊನೆ ಪಂದ್ಯ, ಈಗಲ್ಸ್ ಎದುರು ವಾಷಿಂಗ್ಟನ್. 17-14 ಹಿಂದಿದ್ದಾಗ, ನಾಲ್ಕನೇ ಕ್ವಾರ್ಟರಿನಲ್ಲಿ ಈಗಲ್ಸ್ ಕೋಚ್ ಡಗ್ ಪೀಡರ್ಸನ್, ಜೇಲನ್ ಹರ್ಟ್ಸ್‌ನ್ನು ತೆಗೆದು ಮೂರನೇ ದರ್ಜೆಯ ಕ್ವಾರ್ಟರ್‌ಬ್ಯಾಕ್ ನೇಟ್ ಸಡ್‌ಫೆಲ್ಡ್‌ನ್ನು ಇಳಿಸಿದರು. 20-14ಕ್ಕೆ ಸೋತರು. ಆ ಸೋಲಿನಿಂದ 7-9ರ ವಾಷಿಂಗ್ಟನ್ ಪ್ಲೇಆಫ್‌ಗೆ ಹೋಯಿತು, ನ್ಯೂಯಾರ್ಕ್ ಜಯಂಟ್ಸ್ ಹೊರಗೆ ಬಿತ್ತು. ಯಾರದೋ ಲೆಕ್ಕಾಚಾರಕ್ಕೆ ಮೂರನೆಯವರ ಹೊಟ್ಟೆಗೆ ಕಲ್ಲು. ಈಗಲ್ಸ್ 9ನೇ ಜಾಗದಿಂದ 6ನೇ ಪಿಕ್‌ಗೆ ಏರಿತು. ಮೂರು ವರ್ಷ ಹಿಂದಷ್ಟೇ ಆ ಊರಿಗೆ ಮೊದಲ ಸೂಪರ್ ಬೌಲ್ ತಂದಿದ್ದ ಪೀಡರ್ಸನ್ ಎಂಟು ದಿನಕ್ಕೆ ಕೆಲಸ ಕಳೆದುಕೊಂಡರು.

ನ್ಯಾಯವಾಗಿ ಹೇಳಬೇಕೆಂದರೆ ಆ 6ನೇ ಪಿಕ್ ದಂಡವಾಗಲಿಲ್ಲ. ಅದನ್ನು ಮಯಾಮಿಗೆ ಕೊಟ್ಟು 12ನೆಯದನ್ನೂ ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್ಕನ್ನೂ ಪಡೆದರು, ಅಲ್ಲಿಂದ 10ಕ್ಕೆ ಏರಿ ಡೆವಾಂಟಾ ಸ್ಮಿತ್‌ನ್ನು ಆರಿಸಿದರು. ಇದು ಕಳ್ಳಾಟದ ಪುಣ್ಯಕ್ಕಿಂತ ವ್ಯಾಪಾರದ ಜಾಣತನ. ಅವತ್ತು ಬೆಂಚಿಗೆ ಹೋದ ಹರ್ಟ್ಸ್ ಎರಡನೇ ಸುತ್ತಿನ 53ನೇ ಆಯ್ಕೆ. 2025ರ ಫೆಬ್ರವರಿಯಲ್ಲಿ ಈಗಲ್ಸ್‌ಗೆ ಸೂಪರ್ ಬೌಲ್ ಗೆದ್ದುಕೊಟ್ಟಿದ್ದು ಅವನೇ.

ಎರಡನೇ ದಾರಿ: ಮನೆ ಖಾಲಿ ಮಾಡುವುದು

ಇದು ದೊಡ್ಡ ಆಟ. ಬೆಲೆ ಬಾಳುವ ಆಟಗಾರರನ್ನೆಲ್ಲ ಮಾರಿ, ಪಿಕ್‌ಗಳನ್ನು ಗುಡ್ಡೆ ಹಾಕಿಕೊಂಡು, ಒಂದೆರಡು ವರ್ಷ ಒದೆ ತಿನ್ನುವುದು.

ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಇದನ್ನು ಮಾಡಿದಷ್ಟು ನಿಯತ್ತಿನಿಂದ ಯಾರೂ ಮಾಡಿಲ್ಲ. 2016ರಲ್ಲಿ 1-15. 2017ರಲ್ಲಿ 0-16. ಎರಡು ವರ್ಷದಲ್ಲಿ 32 ಪಂದ್ಯ, ಒಂದು ಗೆಲುವು. 2018ರ ಜನವರಿಯಲ್ಲಿ ಅಭಿಮಾನಿಗಳು ಕೊರೆಯುವ ಚಳಿಯಲ್ಲಿ ಸ್ಟೇಡಿಯಂ ಸುತ್ತ ಮೆರವಣಿಗೆ ಮಾಡಿದರು, ಸುತ್ತು ಹಾಕಿದರೆ ದೊಡ್ಡ ಸೊನ್ನೆ ಆಗುತ್ತದೆ ಅಂತ. ಪಿಕ್‌ಗಳೇನೋ ರಾಶಿ ಬಂದವು. ಆದರೆ ಆರಿಸುವ ಕಣ್ಣು ಬೇಕಲ್ಲ? 2016ರಲ್ಲಿ 2ನೇ ಪಿಕ್ ಮಾರಿದರು, ಅದರಲ್ಲಿ ಹೋದವನು ಕಾರ್ಸನ್ ವೆಂಟ್ಜ್. 2017ರಲ್ಲಿ 12ನೆಯದನ್ನು ಮಾರಿದರು, ಅದರಲ್ಲಿ ಹೋದವನು ಡಿಶಾನ್ ವಾಟ್ಸನ್. ಆಮೇಲೆ 2022ರಲ್ಲಿ ಅದೇ ವಾಟ್ಸನ್‌ನ್ನು ತರಲು ಮೊದಲ ಸುತ್ತಿನ ಮೂರು ಪಿಕ್ ಕೊಟ್ಟು 23 ಕೋಟಿ ಡಾಲರ್ ಗ್ಯಾರಂಟಿ ಬರೆದುಕೊಟ್ಟರು! ಅಗ್ಗಕ್ಕೆ ಮಾರಿದ ಎಮ್ಮೆಯನ್ನು ಹತ್ತು ಪಟ್ಟು ಕೊಟ್ಟು, ಅದೂ ಹಾಲು ಬತ್ತಿದ ಮೇಲೆ, ವಾಪಸ್ ತಂದ ಹಾಗೆ.

ಸೋತಿದ್ದಕ್ಕೆ ಏನೂ ಸಿಗಲಿಲ್ಲ ಅನ್ನಲಾರೆ. 2017ರ ಮೊದಲ ಪಿಕ್ ಮೈಲ್ಸ್ ಗ್ಯಾರೆಟ್ ನಿಜವಾದ ಬಂಗಾರ. 2018ರ ಮೊದಲ ಪಿಕ್ ಬೇಕರ್ ಮೇಫೀಲ್ಡ್ 2020ರಲ್ಲಿ 11-5 ಮಾಡಿ, ಪಿಟ್ಸ್‌ಬರ್ಗ್ ಎದುರು ಒಂದು ಪ್ಲೇಆಫ್ ಪಂದ್ಯವನ್ನೂ ಗೆದ್ದುಕೊಟ್ಟ. ಎರಡು ವರ್ಷದ ಮರ್ಯಾದೆಗೆ ಪ್ರತಿಯಾಗಿ ಒಂದು ಪ್ಲೇಆಫ್ ಗೆಲುವು. ನಡುವೆ ಜೋ ಥಾಮಸ್ ಅನ್ನುವ ಆಟಗಾರ ಹನ್ನೊಂದು ವರ್ಷ ಅದೇ ತಂಡದಲ್ಲಿದ್ದ. ಒಂದೂ ಪ್ಲೇ ತಪ್ಪಿಸದೆ ಸತತ 10,363 ಸಲ ಮೈದಾನದಲ್ಲಿ ನಿಂತು, ಗಾಯವಾಗಿ ನಿವೃತ್ತನಾದ. ಒಂದೂ ಪ್ಲೇಆಫ್ ಪಂದ್ಯ ಆಡಲಿಲ್ಲ. "ಎರಡು ವರ್ಷ ತಾಳಿ" ಅಂತ ಹೇಳುವಾಗ ಅಂಥವರ ಆಯಸ್ಸಿನ ಎರಡು ವರ್ಷವನ್ನೂ ಸೇರಿಸಿಯೇ ಹೇಳುತ್ತಿರುತ್ತಾರೆ.

ಇನ್ನು ಮಯಾಮಿ ಡಾಲ್ಫಿನ್ಸ್, 2019. ಅಲಬಾಮಾದ ಕ್ವಾರ್ಟರ್‌ಬ್ಯಾಕ್ ಟುವಾ ಟಾಗೊವೈಲೋವಾನಿಗಾಗಿ ಸೋಲುತ್ತಿದ್ದಾರೆ ಅಂತ ಊರೆಲ್ಲ ಮಾತು. ಲಾರೆಮಿ ಟನ್ಸಿಲ್‌ನ್ನು ಹ್ಯೂಸ್ಟನ್‌ಗೆ, ಮಿಂಕಾ ಫಿಟ್ಜ್‌ಪ್ಯಾಟ್ರಿಕ್‌ನ್ನು ಪಿಟ್ಸ್‌ಬರ್ಗ್‌ಗೆ ಮಾರಿದರು. ಮೊದಲ ಏಳೂ ಪಂದ್ಯ ಸೋತರು. ಆಮೇಲೆ ಕೋಚ್ ಬ್ರಯನ್ ಫ್ಲೋರೆಸ್ ಅದೇ ಉಳಿದ ಹುಡುಗರನ್ನು ಕಟ್ಟಿಕೊಂಡು ಐದು ಗೆದ್ದುಬಿಟ್ಟರು!

ಅದರಲ್ಲಿ ಒಂದು ಪಂದ್ಯ ನನಗೆ ಬಹಳ ಇಷ್ಟ. ಡಿಸೆಂಬರ್ 22, ಮಯಾಮಿ ಎದುರು ಸಿನ್ಸಿನಾಟಿ. ಒಬ್ಬರು 3-11, ಇನ್ನೊಬ್ಬರು 1-13. ಸೋತವರಿಗೆ ಲಾಭ ಅಂತ ಇಬ್ಬರಿಗೂ ಗೊತ್ತು. ಸಿನ್ಸಿನಾಟಿ 35-12 ಹಿಂದಿತ್ತು, ಅಲ್ಲಿಗೆ ಸುಮ್ನೆ ಕೈಕಟ್ಟಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ, ಗಡಿಯಾರ ಮುಗಿಯುವ ಹೊತ್ತಿಗೆ 35-35 ಮಾಡಿಟ್ಟರು. ಹೆಚ್ಚುವರಿ ಸಮಯದಲ್ಲಿ ಮಯಾಮಿ 38-35 ಗೆದ್ದಿತು. ಮೈದಾನದಲ್ಲಿರುವವರು ಸೋಲಲು ಆಡುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆ ಸೋಲಿನಿಂದ ಮೊದಲ ಪಿಕ್ ಸಿನ್ಸಿನಾಟಿಗೆ ಖಾತ್ರಿಯಾಯಿತು, ಜೋ ಬರೋ ಬಂದ, ಎರಡನೇ ವರ್ಷಕ್ಕೆ ಸೂಪರ್ ಬೌಲ್ ತನಕ ಒಯ್ದ. 5-11ರ ಮಯಾಮಿಗೆ ಸಿಕ್ಕಿದ್ದು 5ನೇ ಪಿಕ್. ಅದರಲ್ಲಿ ಆರಿಸಿದ್ದು? ಅದೇ ಟುವಾ. ಸೋಲದೆಯೂ ಸಿಕ್ಕ.

ಈ ಕಥೆಗೆ ಕಹಿ ಬಾಲವೂ ಇದೆ. 2022ರ ಫೆಬ್ರವರಿಯಲ್ಲಿ, ಕೆಲಸ ಹೋದ ಮೇಲೆ, ಫ್ಲೋರೆಸ್ ಕೋರ್ಟಿಗೆ ಹೋದರು. 2019ರಲ್ಲಿ ಪ್ರತಿ ಸೋಲಿಗೂ ಒಂದು ಲಕ್ಷ ಡಾಲರ್ ಕೊಡುತ್ತೇನೆ ಅಂತ ಮಾಲೀಕ ಸ್ಟೀಫನ್ ರಾಸ್ ಹೇಳಿದ್ದರು ಅನ್ನುವುದು ಅವರ ಆರೋಪ. ರಾಸ್ ಅಲ್ಲಗಳೆದರು. ಲೀಗ್ ತನಿಖೆ ನಡೆಸಿ, ತಂಡ ಬೇಕಂತ ಸೋತಿಲ್ಲ ಅಂದಿತು. ಆದರೆ ಅದೇ ತನಿಖೆಯಲ್ಲಿ ಬೇರೆ ತಂಡದಲ್ಲಿದ್ದ ಟಾಮ್ ಬ್ರೇಡಿ ಜೊತೆ ನಿಯಮ ಮೀರಿ ಮಾತುಕತೆ ನಡೆಸಿದ್ದು ಹೊರಬಿದ್ದು, ರಾಸ್‌ಗೆ 15 ಲಕ್ಷ ಡಾಲರ್ ದಂಡ ಬಿತ್ತು, ತಂಡ 2023ರ ಮೊದಲ ಸುತ್ತಿನ ಪಿಕ್ ಕಳೆದುಕೊಂಡಿತು. ಪಿಕ್‌ಗಾಗಿ ಶುರುವಾದ ಕಥೆ ಪಿಕ್ ಕಳೆದುಕೊಂಡು ಮುಗಿಯಿತು.

ಆಸ್ಟ್ರೇಲಿಯಾದಲ್ಲೂ ಹೆಚ್ಚುಕಮ್ಮಿ ಇದೇ ಆಗಿದೆ. ಅವರ ಫುಟ್‌ಬಾಲ್ ಇನ್ನೊಂದು ಥರ, ಆದರೆ ಡ್ರಾಫ್ಟ್ ಇದೆ. ಮೆಲ್ಬರ್ನ್ ತಂಡದ 2009ರ ಸೋಲುಗಳನ್ನು ತನಿಖೆ ಮಾಡಿ, ಬೇಕಂತ ಸೋತಿಲ್ಲ ಅಂತ ತೀರ್ಮಾನಿಸಿ, ಆದರೂ 5 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿದರು. ತಪ್ಪು ಮಾಡಿಲ್ಲ, ದಂಡ ಕಟ್ಟಿ! ಆ ವರ್ಷ ಮೊದಲ ಪಿಕ್‌ನಲ್ಲಿ ಬಂದ ಟಾಮ್ ಸ್ಕಲ್ಲಿ ಎರಡೇ ಸೀಸನ್ ಆಡಿ ಬೇರೆ ಕ್ಲಬ್ಬಿಗೆ ಹೋದ. ಮೆಲ್ಬರ್ನ್ ಕಪ್ ಗೆದ್ದಿದ್ದು 2021ರಲ್ಲಿ.

ಇಷ್ಟಾದರೂ ಎರಡನೇ ದಾರಿಯಲ್ಲಿ ಒಂದು ಒಳ್ಳೆಯ ಭಾಗ ಇದೆ, ಅದನ್ನು ಬೇರೆ ಮಾಡಿ ನೋಡಬೇಕು. ಟನ್ಸಿಲ್‌ನ್ನು ಮಾರಿದಾಗ ಮಯಾಮಿಗೆ ಹ್ಯೂಸ್ಟನ್‌ನ ಎರಡು ವರ್ಷದ ಮೊದಲ ಸುತ್ತಿನ ಪಿಕ್‌ಗಳು ಬಂದವು. ಆಗ ಹ್ಯೂಸ್ಟನ್ ಗೆಲ್ಲುವ ತಂಡ, ಆ ಪಿಕ್‌ಗಳು ಎಲ್ಲೋ 25ರ ಆಚೆ ಬೀಳುತ್ತವೆ ಅನ್ನಿಸಿತ್ತು. 2020ರಲ್ಲಿ ಹ್ಯೂಸ್ಟನ್ 4-12ಕ್ಕೆ ಕುಸಿಯಿತು, ಮಯಾಮಿ ಕೈಗೆ ಬಂದಿದ್ದು 3ನೇ ಪಿಕ್! ಆ ವರ್ಷ ಮಯಾಮಿಯ ಸ್ವಂತ ದಾಖಲೆ 10-6. ಅಂದರೆ ತಾವು ಗೆಲ್ಲುತ್ತಲೇ, ಇನ್ನೊಬ್ಬರ ಸೋಲಿನ ಫಲ ತಿಂದರು. ಶಿಕಾಗೋ ಬೇರ್ಸ್‌ಗೂ ಇದೇ ಅದೃಷ್ಟ. 2023ರ ಮೊದಲ ಪಿಕ್ಕನ್ನು ಕೆರೊಲೈನಾ ಪ್ಯಾಂಥರ್ಸ್‌ಗೆ ಮಾರಿ, ಬದಲಿಗೆ ಡಿಜೆ ಮೂರ್ ಅನ್ನುವ ಒಳ್ಳೆ ಆಟಗಾರನ ಜೊತೆ ಹಲವು ಪಿಕ್ ತೆಗೆದುಕೊಂಡರು, ಅದರಲ್ಲಿ 2024ರ ಮೊದಲ ಸುತ್ತಿನದೂ ಒಂದು. ಕೆರೊಲೈನಾ 2-15 ಆಯಿತು. ಮತ್ತೆ ಮೊದಲ ಪಿಕ್ ಶಿಕಾಗೋಗೆ.

ನನ್ನ ಪ್ರಕಾರ ಇಡೀ ವಿಷಯದ ಗುಟ್ಟು ಇಲ್ಲೇ ಇದೆ. ಸ್ವಂತ ಸೋಲಿಗಿಂತ ಪರರ ಸೋಲು ಲಾಭದ್ದು. ಪಿಕ್ ಗುಡ್ಡೆ ಹಾಕುವುದೂ ಸೋಲುವುದೂ ಒಂದೇ ಅಂತ ಜನ ಕಲಸಿಬಿಡುತ್ತಾರೆ, ಎರಡೂ ಬೇರೆ ಬೇರೆ ಕೆಲಸ.

ಮೂರನೇ ದಾರಿ: ಆಡಿ, ಆದಷ್ಟು ಗೆಲ್ಲುವುದು

ಇಲ್ಲಿ ಮತ್ತೆ ನನ್ನ ಜೆಟ್ಸ್ ಗೆಳೆಯನ ಕಥೆಗೆ ಬರುತ್ತೇನೆ. 2020ರಲ್ಲಿ ಎಲ್ಲರ ಕಣ್ಣು ಕ್ಲೆಮ್ಸನ್‌ನ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್ ಮೇಲೆ. 0-13ರ ಜೆಟ್ಸ್ ಆರಾಮಾಗಿ ಮೊದಲ ಸ್ಥಾನದಲ್ಲಿತ್ತು, ಅಂದರೆ ಕೊನೆಯ ಸ್ಥಾನದಲ್ಲಿ. ಡಿಸೆಂಬರ್ 20ಕ್ಕೆ ರ್‍ಯಾಮ್ಸ್ ಎದುರು 23-20 ಗೆದ್ದರು, ಮುಂದಿನ ವಾರ ಬ್ರೌನ್ಸ್ ಎದುರೂ ಗೆದ್ದರು. 1-15ರ ಜಾಕ್ಸನ್‌ವಿಲ್ ಲಾರೆನ್ಸ್‌ನ್ನು ಎತ್ತಿಕೊಂಡಿತು. ಎರಡನೇ ಪಿಕ್‌ನಲ್ಲಿ ಜೆಟ್ಸ್ ಆರಿಸಿದ ಜ್ಯಾಕ್ ವಿಲ್ಸನ್ ಮೂರು ವರ್ಷದಲ್ಲಿ ಖಾಲಿ. ಗೆಲುವಿಗೆ ಬೆಲೆ ತೆತ್ತ ಉದಾಹರಣೆ ಅಂತ ಯಾರಾದರೂ ಕೊಟ್ಟರೆ ಇದನ್ನೇ ಕೊಡುತ್ತಾರೆ, ನಾನೂ ಒಪ್ಪುತ್ತೇನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆದರೆ ಎರಡು ವರ್ಷದ ನಂತರ ಹ್ಯೂಸ್ಟನ್‌ನಲ್ಲಿ ಆಗಿದ್ದನ್ನೂ ನೋಡಿ. 2023ರ ಜನವರಿ 8, ಸೀಸನ್ನಿನ ಕೊನೆ ಪಂದ್ಯ, ಇಂಡಿಯಾನಾಪೊಲಿಸ್ ಎದುರು. ಸೋತರೆ ಹ್ಯೂಸ್ಟನ್ ಟೆಕ್ಸನ್ಸ್‌ಗೆ ಮೊದಲ ಪಿಕ್ ಖಚಿತ. ಕೊನೆ ನಿಮಿಷ, ನಾಲ್ಕನೇ ಡೌನ್ (ಅಂದರೆ ಕೊನೆಯ ಯತ್ನ), ಹೋಗಬೇಕಿರುವುದು 20 ಗಜ. ಯಾರೂ ಗೆಲ್ಲುವ ಜಾಗವಲ್ಲ ಅದು. ಡೇವಿಸ್ ಮಿಲ್ಸ್ ಸುಮ್ನೆ ಎತ್ತಿ ಎಸೆದ, ಜೋರ್ಡನ್ ಏಕಿನ್ಸ್ ಟಚ್‌ಡೌನ್ ಹಿಡಿದ. ಎರಡು ಪಾಯಿಂಟಿನ ಪ್ರಯತ್ನವೂ ಅವನ ಕೈಗೇ. 32-31. ಹ್ಯೂಸ್ಟನ್ ಅಭಿಮಾನಿಗಳು ತಲೆ ಮೇಲೆ ಕೈ ಹೊತ್ತು ಕೂತರು. ಕೋಚ್ ಲವೀ ಸ್ಮಿತ್ ಅವತ್ತು ರಾತ್ರಿಯೇ ಔಟ್.

ಲವೀ ಸ್ಮಿತ್ ಹೆಸರು ಎಲ್ಲೂ ಕೇಳಿಲ್ಲ ಅನ್ನಿಸಿತಾ? ಮೇಲೆ ಹೇಳಿದ 2014ರ ಬಕನೀರ್ಸ್‌ಗೂ ಅವರೇ ಕೋಚ್, ಬೇಕಂತಲೇ ನಾನು ಅಲ್ಲಿ ಹೆಸರು ಹೇಳಿರಲಿಲ್ಲ. ಕೊನೆ ಪಂದ್ಯ ಸೋತು ಮೊದಲ ಪಿಕ್ ತಂದುಕೊಟ್ಟಾಗ ಇನ್ನೊಂದು ವರ್ಷ ಇಟ್ಟುಕೊಂಡು ಕಳಿಸಿದರು. ಕೊನೆ ಪಂದ್ಯ ಗೆದ್ದು ಮೊದಲ ಪಿಕ್ ಕಳೆದಾಗ ಒಂದು ರಾತ್ರಿಯೂ ಇಟ್ಟುಕೊಳ್ಳಲಿಲ್ಲ. ಕೋಚ್‌ಗೆ ಎರಡೂ ಕಡೆ ನಷ್ಟ.

ಈಗ ಆ ಗೆಲುವಿನ ಫಲ ಕೇಳಿ. ಶಿಕಾಗೋಗೆ ಹೋದ ಮೊದಲ ಪಿಕ್ ಕೆರೊಲೈನಾ ಕೈಗೆ ಮಾರಾಟವಾಗಿ, ಅವರು ಬ್ರೈಸ್ ಯಂಗ್‌ನ್ನು ಆರಿಸಿದರು. ಎರಡನೆಯವರಾದ ಹ್ಯೂಸ್ಟನ್‌ಗೆ ಉಳಿದವನು ಸಿ.ಜೆ. ಸ್ಟ್ರೌಡ್. ಜೊತೆಗೆ ಬೇರೆ ಪಿಕ್‌ಗಳನ್ನು ಕೊಟ್ಟು 3ನೆಯದನ್ನೂ ಕೊಂಡು ವಿಲ್ ಆಂಡರ್ಸನ್‌ನ್ನು ತಂದರು. ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಆಕ್ರಮಣದಲ್ಲಿ ಸ್ಟ್ರೌಡ್‌ಗೆ, ರಕ್ಷಣೆಯಲ್ಲಿ ಆಂಡರ್ಸನ್‌ಗೆ. ತಂಡ 10-7, ಡಿವಿಷನ್ (ನಾಲ್ಕು ತಂಡಗಳ ಗುಂಪು) ಗೆಲುವು, ಪ್ಲೇಆಫ್‌ನಲ್ಲಿ ಬ್ರೌನ್ಸ್ ಎದುರು 45-14. ಮೊದಲ ಪಿಕ್ ಸಿಕ್ಕಿದ್ದರೆ ಯಾರನ್ನು ಆರಿಸುತ್ತಿದ್ದರೋ ದೇವರಿಗೇ ಗೊತ್ತು, ಯಂಗ್‌ನನ್ನೇ ಆರಿಸುವ ಸಾಧ್ಯತೆಯಂತೂ ಇತ್ತು ಅಲ್ವಾ.

ಡೆಟ್ರಾಯ್ಟ್ ಲಯನ್ಸ್ ಕೂಡ ಹೀಗೇ. 2021ರಲ್ಲಿ 2-13-1 (ಕೊನೆಯ 1 ಸಮವಾದ ಪಂದ್ಯ) ಇದ್ದಾಗ ಕೊನೆ ಪಂದ್ಯದಲ್ಲಿ ಗ್ರೀನ್ ಬೇಯನ್ನು 37-30 ಸೋಲಿಸಿ ಮೊದಲ ಪಿಕ್ ಬಿಟ್ಟುಕೊಟ್ಟರು. ಜಾಕ್ಸನ್‌ವಿಲ್ ಟ್ರೇವನ್ ವಾಕರ್‌ನ್ನು ಆರಿಸಿತು, ಡೆಟ್ರಾಯ್ಟ್‌ಗೆ ಅದೇ ಮಿಷಿಗನ್ ರಾಜ್ಯದ ಮನೆಮಗ ಏಡನ್ ಹಚಿನ್‌ಸನ್ ಸಿಕ್ಕ. ಎರಡು ವರ್ಷಕ್ಕೆ ಆ ತಂಡ ಸೂಪರ್ ಬೌಲ್‌ಗೆ ಒಂದೇ ಗೆಲುವು ದೂರದಲ್ಲಿತ್ತು. ಆ ಊರಿಗೆ ಅದು ದೊಡ್ಡ ಮಾತು, ಯಾಕೆಂದರೆ ಇದೇ ಲಯನ್ಸ್ 2008ರಲ್ಲಿ 0-16 ಸೋತು ಮೊದಲ ಪಿಕ್‌ನಲ್ಲಿ ಮ್ಯಾಥ್ಯೂ ಸ್ಟ್ಯಾಫರ್ಡ್‌ನ್ನು ತಂದು, ಹನ್ನೆರಡು ವರ್ಷ ಇಟ್ಟುಕೊಂಡು, ಒಂದೂ ಪ್ಲೇಆಫ್ ಪಂದ್ಯ ಗೆದ್ದಿರಲಿಲ್ಲ. ಅವನು ರ್‍ಯಾಮ್ಸ್‌ಗೆ ಹೋದ ಮೊದಲ ವರ್ಷವೇ ಸೂಪರ್ ಬೌಲ್ ಗೆದ್ದ. ತಪ್ಪು ಹುಡುಗನದಲ್ಲ ಅಂತ ಆಯಿತಲ್ಲ.

ನಾಲ್ಕನೇ ದಾರಿ: ಸೋಲದೆ ಪಿಕ್ ಕೊಳ್ಳುವುದು

ಕ್ಯಾನ್ಸಸ್ ಸಿಟಿ ಚೀಫ್ಸ್ 2016ರಲ್ಲಿ 12-4 ಆಡಿತು. ಡ್ರಾಫ್ಟ್‌ನಲ್ಲಿ ಅವರ ಸರದಿ 27ನೆಯದು. ಅದನ್ನೂ, ಮೂರನೇ ಸುತ್ತಿನದನ್ನೂ, ಮುಂದಿನ ವರ್ಷದ ಮೊದಲ ಸುತ್ತಿನದನ್ನೂ ಬಫಲೋಗೆ ಕೊಟ್ಟು 10ನೇ ಜಾಗಕ್ಕೆ ಏರಿದರು. ಆರಿಸಿದ್ದು ಪ್ಯಾಟ್ರಿಕ್ ಮಹೋಮ್ಸ್. ಮೂರು ಸೂಪರ್ ಬೌಲ್. ಒಂದೂ ಪಂದ್ಯ ಬೇಕಂತ ಸೋಲಲಿಲ್ಲ.

ಇದರಲ್ಲೂ ಕೈಸುಟ್ಟುಕೊಂಡವರಿದ್ದಾರೆ. 2012ರಲ್ಲಿ ವಾಷಿಂಗ್ಟನ್ ಮೊದಲ ಸುತ್ತಿನ ಮೂರು, ಎರಡನೇ ಸುತ್ತಿನ ಒಂದು ಪಿಕ್ ಕೊಟ್ಟು 2ನೇ ಜಾಗಕ್ಕೆ ಏರಿ ರಾಬರ್ಟ್ ಗ್ರಿಫಿನ್‌ನ್ನು ತಂದಿತು. ಮೊದಲ ವರ್ಷ ಮಿಂಚಿದ, ಮೊಣಕಾಲು ಹೋಯಿತು, ಮುಗಿಯಿತು. ಅದೇ ಡ್ರಾಫ್ಟ್‌ನಲ್ಲಿ 75ನೆಯವನಾಗಿ ಹೋದ ರಸೆಲ್ ವಿಲ್ಸನ್ ಎರಡನೇ ವರ್ಷಕ್ಕೆ ಸಿಯಾಟಲ್‌ಗೆ ಸೂಪರ್ ಬೌಲ್ ಗೆದ್ದುಕೊಟ್ಟ. ಕೆರೊಲೈನಾ ಕಥೆ ಆಗಲೇ ಹೇಳಿದೆ.

ಹಾಗಾದರೆ ಆ ಮೊದಲ ಪಿಕ್‌ನ ಬೆಲೆ ಎಷ್ಟು?

1990ರ ದಶಕದ ಶುರುವಿನಲ್ಲಿ ಡಲ್ಲಾಸ್ ಕೌಬಾಯ್ಸ್‌ನ ಜಿಮ್ಮಿ ಜಾನ್ಸನ್ ಕಾಲದಲ್ಲಿ ಒಂದು ಬೆಲೆಪಟ್ಟಿ ಬಂತು, ವ್ಯಾಪಾರಕ್ಕೆ ಕೂತಾಗ ಈಗಲೂ ಅದರ ಮಾತು ಬರುತ್ತದೆ. ಮೊದಲ ಪಿಕ್‌ಗೆ 3000 ಅಂಕ, ಎರಡನೆಯದಕ್ಕೆ 2600. ವ್ಯತ್ಯಾಸ 400, ಅದೇ ಪಟ್ಟಿಯಲ್ಲಿ 50ನೇ ಪಿಕ್‌ನ ಬೆಲೆ. ಅಂದರೆ ಒಂದು ಪಂದ್ಯ ಸೋತು 2ರಿಂದ 1ಕ್ಕೆ ಏರಿದರೆ ಗಳಿಸಿದ್ದು ಎರಡನೇ ಸುತ್ತಿನ ಒಬ್ಬ ಆಟಗಾರ. ಈಗಲ್ಸ್ 9ರಿಂದ 6ಕ್ಕೆ ಏರಿತಲ್ಲ, ಅದು 1350ರಿಂದ 1600, ಮೂರನೇ ಸುತ್ತಿನ ಒಂದು ಪಿಕ್‌ನಷ್ಟು. ಅದಕ್ಕಾಗಿ ಅಷ್ಟು ಕೆಟ್ಟ ಹೆಸರು.

ಆ ಪಟ್ಟಿಯೂ ಮೇಲಿನ ಪಿಕ್‌ಗಳಿಗೆ ಜಾಸ್ತಿಯೇ ಬೆಲೆ ಕಟ್ಟುತ್ತದೆ ಅಂತ ಅರ್ಥಶಾಸ್ತ್ರಜ್ಞರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ತೋರಿಸಿದ್ದಾರೆ. ಥೇಲರ್ ಅಂದರೆ 2017ರಲ್ಲಿ ನೊಬೆಲ್ ಬಂದ ಅದೇ ಥೇಲರ್. ಒಂದೇ ಸ್ಥಾನಕ್ಕೆ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಮುಂದಿನವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ಶೇ. 52ರ ಆಸುಪಾಸು ಅನ್ನುವುದು ಅವರು ಕಂಡುಕೊಂಡ ಲೆಕ್ಕ. ನಾಣ್ಯ ಚಿಮ್ಮಿದ ಹಾಗೆಯೇ ಹೆಚ್ಚುಕಮ್ಮಿ.

ಆದರೆ ಅವರ ಲೆಕ್ಕದ ಕಾಲಕ್ಕೂ ಈಗಿಗೂ ಒಂದು ವ್ಯತ್ಯಾಸ ಇದೆ, ಮೊದಲ ಪಿಕ್‌ನವನ ಸಂಬಳ. 2010ರಲ್ಲಿ ಮೊದಲು ಆಯ್ಕೆಯಾದ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ 5 ಕೋಟಿ ಡಾಲರ್ ಬರೀ ಗ್ಯಾರಂಟಿ. 2011ರಲ್ಲಿ ಹೊಸಬರ ಸಂಬಳಕ್ಕೆ ಮಿತಿ ಹಾಕಿದರು, ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸೇರಿ 2.2 ಕೋಟಿ. ಹಾಗಾಗಿ ಈಗ ಮೊದಲ ಪಿಕ್ ಸರಿಯಾಗಿ ಬಿದ್ದರೆ ನಿಜವಾಗಲೂ ಅಗ್ಗ, ಉಳಿದ ದುಡ್ಡಲ್ಲಿ ಸುತ್ತ ಒಳ್ಳೆ ತಂಡ ಕಟ್ಟಬಹುದು. ಸೋಲುವ ಆಸೆ ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ.

"ಸರಿಯಾಗಿ ಬಿದ್ದರೆ" ಅನ್ನುವುದೇ ಕಷ್ಟ. 1998ರ ಪೇಟನ್ ಮ್ಯಾನಿಂಗ್ ಆದ ಮೇಲೆ, ಮೊದಲ ಪಿಕ್ ಆಗಿ ಬಂದು ತನ್ನನ್ನು ಆರಿಸಿದ ತಂಡಕ್ಕೇ ಸೂಪರ್ ಬೌಲ್ ಗೆದ್ದುಕೊಟ್ಟ ಕ್ವಾರ್ಟರ್‌ಬ್ಯಾಕ್ ಒಬ್ಬನೂ ಇಲ್ಲ. ಅವನ ತಮ್ಮ ಈಲಾಯ್ ಎರಡು ಗೆದ್ದ, ನಿಜ, ಆದರೆ ಅವನನ್ನು ಆರಿಸಿದ್ದು ಸ್ಯಾನ್ ಡಿಯಾಗೊ, ಅದೇ ದಿನ ಜಯಂಟ್ಸ್‌ಗೆ ಹೋದ. ಪೇಟನ್ ಕುತ್ತಿಗೆ ಗಾಯದಿಂದ ಕೂತ 2011ರಲ್ಲಿ ಅವನ ತಂಡ ಇಂಡಿಯಾನಾಪೊಲಿಸ್ ಕೋಲ್ಟ್ಸ್ 2-14 ಆಗಿ ಆಂಡ್ರ್ಯೂ ಲಕ್ ಬಂದನಲ್ಲ, ಅವನಷ್ಟು ಭರವಸೆಯ ಹುಡುಗ ದಶಕಕ್ಕೊಬ್ಬ. ಬಂದ ಮೂರೂ ವರ್ಷ 11-5. ಆದರೆ ಅವನ ಮುಂದೆ ನಿಂತು ಕಾಯುವವರನ್ನು ತಂಡ ಸರಿಯಾಗಿ ತರಲಿಲ್ಲ, ಒದೆ ತಿಂದು ತಿಂದು 29ಕ್ಕೇ ನಿವೃತ್ತನಾದ.

ಯಾವುದನ್ನು ಆರಿಸಬೇಕು

ಕೊನೆ ಎರಡು ವಾರ ಉಳಿದು, ನೀವು 1 ಮತ್ತು 2ರ ನಡುವೆ ತೂಗಾಡುತ್ತಿದ್ದು, ನಿಮ್ಮಲ್ಲಿ ಕ್ವಾರ್ಟರ್‌ಬ್ಯಾಕ್ ಇಲ್ಲದೆ, ಡ್ರಾಫ್ಟ್‌ನಲ್ಲಿ ಎಲ್ಲರೂ ಒಪ್ಪುವ ಒಬ್ಬನೇ ಒಬ್ಬ ಇದ್ದರೆ, ಸೋಲಲಿ ಅಂತ ಬೇಡಿಕೊಳ್ಳಿ, ತಪ್ಪಿಲ್ಲ. ಇದು ಲಕ್, ಲಾರೆನ್ಸ್ ಥರದ ವರ್ಷ. ಇಬ್ಬರು ಮೂವರು ಸಮ ಇದ್ದರೆ ಗೆಲುವನ್ನೇ ಆನಂದಿಸಿ, ಎರಡನೆಯವನೂ ಮೂರನೆಯವನೂ ಸಾಕು. 6, 8, 11 ಇಂಥ ಜಾಗಗಳ ಲೆಕ್ಕಕ್ಕಂತೂ ನಿದ್ದೆಗೆಡಬೇಡಿ.

ನಿಮ್ಮ ತಂಡದಲ್ಲಿ ವಯಸ್ಸಾಗುತ್ತಿರುವ, ದುಬಾರಿಯಾದ, ಆದರೆ ಬೇರೆಯವರು ಆಸೆಪಡುವ ಆಟಗಾರರಿದ್ದರೆ ಮಾರಲಿ. ಎರಡನೇ ದಾರಿಯ ಅರ್ಧ ಅದು, ಒಳ್ಳೆಯ ಅರ್ಧ. ಯಾರಿಗೆ ಮಾರುತ್ತಾರೆ ನೋಡಿ. ಮುಂದಿನ ವರ್ಷ ಕುಸಿಯುವ ಲಕ್ಷಣ ಇರುವ ತಂಡದ ಪಿಕ್ ಸಿಕ್ಕರೆ ಹಬ್ಬ. ಎಳೆಯ, ಚೆನ್ನಾಗಿ ಆಡುವವರನ್ನೂ ಮಾರುತ್ತಿದ್ದರೆ ಅದು ಮನೆ ಖಾಲಿ ಮಾಡುವ ಕೆಲಸ, ಮತ್ತೆ ಅಂಥವನನ್ನು ಹುಡುಕಲು ಇನ್ನೊಂದು ಪಿಕ್ ಸುಡಬೇಕು.

ಈಗಾಗಲೇ ಒಳ್ಳೆ ಕ್ವಾರ್ಟರ್‌ಬ್ಯಾಕ್ ಇದ್ದೂ ಗಾಯದಿಂದ ಸೀಸನ್ ಹಾಳಾಗಿದ್ದರೆ ಸೋತು ಸಿಕ್ಕ ಪಿಕ್ಕನ್ನು ಕ್ವಾರ್ಟರ್‌ಬ್ಯಾಕ್ ಹುಚ್ಚು ಹಿಡಿದವರಿಗೆ ಮಾರುವುದೇ ಲೇಸು. ಇನ್ನು ನಿಮ್ಮ ಮಾಲೀಕರು ಐದು ವರ್ಷದಲ್ಲಿ ಮೂರು ಕೋಚ್ ಬದಲಿಸಿದ್ದರೆ, ಯಾವ ಪಿಕ್ ಬಂದರೂ ಅಷ್ಟೇ, ನಾಲ್ಕನೇ ದಾರಿಯೂ ಬೇಡ, ಮೊದಲು ಮಹಡಿ ಮೇಲೆ ಯಾರನ್ನಾದರೂ ಬದಲಿಸಲಿ.

ಕೊನೆಯವರಾದರೆ ಸಿಗುವ ಸಣ್ಣಪುಟ್ಟ ಲಾಭಗಳನ್ನೂ ಲೆಕ್ಕಕ್ಕೆ ತಗೊಳ್ಳಿ. ಪ್ರತಿ ಸುತ್ತಿನಲ್ಲೂ ಮುಂದಿನ ಸರದಿ, ಬೇರೆ ತಂಡ ಕೈಬಿಟ್ಟ ಆಟಗಾರರನ್ನು ಎತ್ತಿಕೊಳ್ಳುವಾಗ ಮೊದಲ ಹಕ್ಕು, ಡಿವಿಷನ್‌ನಲ್ಲಿ ಕೊನೆಗೆ ಬಂದರೆ ಮುಂದಿನ ವರ್ಷ 17ರಲ್ಲಿ ಮೂರು ಪಂದ್ಯ ಬೇರೆ ಡಿವಿಷನ್‌ಗಳ ಕೊನೆಯವರ ಜೊತೆ. ಇದು ಯಾವುದಕ್ಕೂ ಯಾರೂ ಕಳ್ಳಾಟ ಆಡಬೇಕಿಲ್ಲ, ಕೆಟ್ಟದಾಗಿದ್ದರೆ ತಾನಾಗೇ ಬರುತ್ತದೆ.

ಮತ್ತೆ, ನಿಮ್ಮವರು ಯಾವ ದಾರಿ ಹಿಡಿದಿದ್ದಾರೆ ಅಂತ ತಿಳಿಯಲು ಯಾರ ಸಂದರ್ಶನವನ್ನೂ ಕೇಳಬೇಕಿಲ್ಲ. ಪಂದ್ಯ ಶುರುವಾಗುವ 90 ನಿಮಿಷ ಮುಂಚೆ ಆಡದವರ ಪಟ್ಟಿ ಹೊರಗೆ ಬರುತ್ತದೆ. ಕೊನೆಯ ಭಾನುವಾರ ಆ ಪಟ್ಟಿಯಲ್ಲಿ, ಬುಧವಾರದ ಅಭ್ಯಾಸದಲ್ಲಿ ಚೆನ್ನಾಗಿ ಓಡಾಡಿಕೊಂಡಿದ್ದ ನಾಲ್ಕೈದು ಜನಕ್ಕೆ ಒಮ್ಮೆಲೇ ಮಂಡಿನೋವು ಬಂದಿದ್ದರೆ, ಟಿವಿ ಆರಿಸಿ ಕಾಲೇಜು ಹುಡುಗರ ವಿಡಿಯೋ ನೋಡಲು ಶುರು ಮಾಡಿ.